ಕ್ಷಯದ ರೋಗಾಣುವಿನ ಲೆಕ್ಕದ ಪುಸ್ತಕ

ಮನುಷ್ಯನ ಶ್ವಾಸಕೋಶದಲ್ಲಿ ಅವಿತು ಕುಳಿತ ರೋಗಾಣುವೊಂದು ತನ್ನ ವಂಶದ ಇತಿಹಾಸವನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ, ಯಾವ ಔಷಧವನ್ನು ಯಾವ ಕಾಲದಲ್ಲಿ ಗೆದ್ದಿತೆಂಬುದಕ್ಕೂ ಅದರಲ್ಲಿ ದಾಖಲೆ ಇರುತ್ತದೆ ಎಂದರೆ ವಾಚಕರು ಸುಲಭವಾಗಿ ನಂಬಲಿಕ್ಕಿಲ್ಲ. ನಾವೂ ಮೊದಲು ನಂಬಿರಲಿಲ್ಲ. ಹೋಟೆಲಿನ ಗಲ್ಲೆಯ ಮೇಲೆ ಬಹುಕಾಲ ಕುಳಿತು, ಅನಂತರ ಪತ್ರಿಕೆಯ ಮೇಜಿಗೆ ಬಂದ ನಮ್ಮ ವಿಜ್ಞಾನ ಎಸ್.ಎಸ್.ಎಲ್.ಸಿ. ಪುಸ್ತಕಗಳಿಂದಾಚೆಯದಲ್ಲ. ಆದರೆ ಲೆಕ್ಕದ ಪುಸ್ತಕವನ್ನು ಓದಬಲ್ಲೆವು. ಈ ವಿಷಯವೂ ಬಹುಮಟ್ಟಿಗೆ ಅದೇ ಜಾತಿಯದು.

ಕ್ಷಯದ ಹೆಸರೆತ್ತಿದರೆ ಹೋಟೆಲಿನಲ್ಲಿ ಧ್ವನಿ ತಗ್ಗಿಸುವ ವಾಡಿಕೆ ಇಂದಿಗೂ ಇದೆ. ಮಾಳಿಗೆಯ ಮೇಲೆ ಹತ್ತು ಹನ್ನೆರಡು ಮಂದಿ ಚಾಪೆಗೆ ಚಾಪೆ ತಾಗಿಸಿ ಮಲಗುವ ಕೋಣೆಯನ್ನು ಬಲ್ಲವರಿಗೆ ಈ ರೋಗ ಹೇಗೆ ದಾಟುತ್ತದೆಂದು ವಿವರಿಸಬೇಕಾಗಿಲ್ಲ. ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳೇ ಅದರ ವಾಹನ. ಎಂಜಲು ಲೋಟ, ತಟ್ಟೆಗಳಿಂದ ಅದು ಹರಡುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಈ ಸುಳ್ಳು ಭೀತಿಗೆ ಕೆಲಸ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯರು ಈ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ಪ್ರಕಟಪಡಿಸಿದರು. ಅದರ ಒಳಗಿನ ಬರಹವನ್ನು ಪೂರ್ತಿ ಓದಲು ಮತ್ತೆ 116 ವರ್ಷ ಹಿಡಿಯಿತು. 1998ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಕೇಂದ್ರ ಹಾಗೂ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರು. ಈ ಬರಹಕ್ಕೆ ಜೀನೋಮ್ ಎಂದು ಹೆಸರು. ಅದರ ಲಿಪಿಯಲ್ಲಿರುವುದು ನಾಲ್ಕೇ ಅಕ್ಷರಗಳು. ಆದರೆ ಬರಹದ ಉದ್ದ 44 ಲಕ್ಷ 11 ಸಾವಿರ ಅಕ್ಷರಗಳಿಗೂ ಮಿಕ್ಕಿದುದು. ಸುಮಾರು 4,000 ವಂಶವಾಹಿಗಳು ಅದರಲ್ಲಿ ಅಡಕವಾಗಿವೆ.

ರೋಗಾಣು ಎರಡಾಗಿ ಒಡೆಯುವಾಗಲೆಲ್ಲ ಇಷ್ಟನ್ನೂ ನಕಲು ಮಾಡಲೇಬೇಕು. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ದೊರೆತರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆಯುತ್ತವೆ. ಕ್ಷಯದ ರೋಗಾಣುವಿಗೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ನಿಧಾನವಾದರೂ ನಕಲು ಅಚ್ಚುಕಟ್ಟು: ಒಂದು ವಂಶದಲ್ಲಿ ಸರಾಸರಿ ಎರಡು ಮೂರು ವರ್ಷಕ್ಕೆ ಒಂದು ಅಕ್ಷರ ಮಾತ್ರ ಬದಲಾಗಿ ನಿಲ್ಲುತ್ತದೆ. ನ್ಯುಮೋನಿಯಾ ತರುವ ನ್ಯೂಮೋಕಾಕಸ್ ನೆರೆಯ ಬ್ಯಾಕ್ಟೀರಿಯಾಗಳಿಂದ ವಂಶವಾಹಿಗಳನ್ನು ಕಡ ತರಬಲ್ಲುದು. ಕ್ಷಯದ ರೋಗಾಣು ಯಾರ ಬಳಿಯೂ ಕಡ ತರುವುದಿಲ್ಲ. ಅದರಲ್ಲಾಗುವ ಮಾರ್ಪಾಡೆಲ್ಲ ಅದರ ಸ್ವಂತ ನಕಲಿನ ತಪ್ಪಿನಿಂದಲೇ ಆಗಬೇಕು. ಆದುದರಿಂದಲೇ ಇಬ್ಬರು ರೋಗಿಗಳ ರೋಗಾಣುಗಳಲ್ಲಿ ಎಷ್ಟು ಅಕ್ಷರಗಳ ಅಂತರವಿದೆಯೆಂದು ಎಣಿಸಿ, ಅವರ ರೋಗಕ್ಕೆ ಇತ್ತೀಚಿನ ನಂಟು ಇದೆಯೆ ಇಲ್ಲವೆ ಎಂದು ಇಂದು ಹೇಳಲು ಬರುತ್ತದೆ.

ಈ ಎಣಿಕೆಯಿಂದ ಹಲವು ಹಳೆಯ ನಂಬಿಕೆಗಳು ಬಿದ್ದುಹೋದವು. ದನಗಳ ಕ್ಷಯವೇ ಮನುಷ್ಯನಿಗೆ ಬಂದಿತೆಂದು ಬಹುಕಾಲ ತಿಳಿಯಲಾಗಿತ್ತು. ಮನುಷ್ಯರ ರೋಗಾಣುವಿನಲ್ಲಿರುವ ಕೆಲವು ಭಾಗಗಳನ್ನು ದನಗಳ ರೋಗಾಣು ಕಳೆದುಕೊಂಡಿದೆಯೆಂದು 2002ರಲ್ಲಿ ತೋರಿಸಿದ ಮೇಲೆ ಗೋವಿನ ತಲೆಯ ಮೇಲಿದ್ದ ಆ ಅಪವಾದ ತಪ್ಪಿತು! ಮನುಷ್ಯರ ರೋಗಾಣುವಿನಲ್ಲಿಯೂ ಬೇರೆ ಬೇರೆ ಮನೆತನಗಳಿವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಮನೆತನ ಒಂದು, ಉತ್ತರ ಭಾರತದ್ದು ಇನ್ನೊಂದು, ಪೂರ್ವ ಏಷ್ಯದ್ದು ಮತ್ತೊಂದು. ಊರು ಬಿಟ್ಟು ಬಂದವರೆಲ್ಲ ಸೇರುವ ಮುಂಬಯಿಯಂಥ ನಗರದಲ್ಲಿ ಇವೂ ಸೇರುತ್ತವೆ. ಮುಂಬಯಿ ಮಹಾನಗರ ಪ್ರದೇಶದಲ್ಲಿ ಔಷಧಕ್ಕೆ ಜಗ್ಗದ ಕ್ಷಯದ ಪ್ರಕರಣಗಳಲ್ಲಿ ಪೂರ್ವ ಏಷ್ಯದ ಮನೆತನದ್ದೇ ಮೇಲುಗೈಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಈ ‘ಜಗ್ಗದಿರುವಿಕೆ’ ಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಔಷಧವು ರೋಗಾಣುವಿಗೆ ಹೊಸ ವಿದ್ಯೆ ಕಲಿಸುವುದಿಲ್ಲ. ನಕಲಿನ ತಪ್ಪುಗಳು ಔಷಧ ಬರುವ ಮೊದಲೇ ಆಗುತ್ತಿರುತ್ತವೆ. ಐಸೋನಿಯಾಜಿಡ್ ಎಂಬ ಗುಳಿಗೆ ರೋಗಾಣುವಿನೊಳಗೆ ಹೋಗುವಾಗ ವಿಷವಾಗಿರುವುದಿಲ್ಲ. ರೋಗಾಣುವಿನ ಒಂದು ಕಿಣ್ವವೇ ಅದನ್ನು ವಿಷವನ್ನಾಗಿ ಮಾಡುತ್ತದೆ. ತನ್ನ ಸಾವಿನ ಮದ್ದನ್ನು ತಾನೇ ಅರೆದುಕೊಂಡಂತೆ! ಆ ಕಿಣ್ವವನ್ನು ಬರೆದಿಟ್ಟ ಕಡೆ ಒಂದಕ್ಷರ ತಪ್ಪಿದರೂ ಸಾಕು, ಅರೆಯುವ ಕೆಲಸ ನಿಲ್ಲುತ್ತದೆ, ರೋಗಾಣು ಬದುಕುತ್ತದೆ. ಹತ್ತು ಲಕ್ಷ ರೋಗಾಣುಗಳಲ್ಲಿ ಸುಮಾರು ಒಂದು ಹೀಗೆ ಪಾರಾಗುವಂಥದು. ರಿಫಾಂಪಿಸಿನ್ನಿನಿಂದ ಪಾರಾಗುವಂಥದು ಹತ್ತು ಕೋಟಿಗೆ ಸುಮಾರು ಒಂದು. ಶ್ವಾಸಕೋಶದ ಒಂದು ಹುಣ್ಣಿನ ಕುಳಿಯಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಒಂದೇ ಔಷಧ ಕೊಟ್ಟರೆ ಪಾರಾಗುವವು ಅಲ್ಲಿ ಇದ್ದೇ ಇರುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡರಿಂದಲೂ ಪಾರಾಗುವಂಥದು ನೂರು ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾವನ ಎದೆಯಲ್ಲಿಯೂ ಹಿಡಿಸವು. ನಾಲ್ಕು ಬಗೆಯ ಗುಳಿಗೆಗಳನ್ನು ಒಟ್ಟಿಗೆ ನುಂಗಿಸುವುದೇಕೆ ಎಂದು ಕೇಳುವವರಿಗೆ ಉತ್ತರ ಈ ಗುಣಾಕಾರದಲ್ಲಿದೆ.

ಹಾಗಾದರೆ ಎಡವಿದುದು ಎಲ್ಲಿ? ಅದಕ್ಕೆ ದಕ್ಷಿಣ ಆಫ್ರಿಕೆಯ ಖಾತೆಯನ್ನು ತೆರೆದು ನೋಡಬಹುದು. ಅಲ್ಲಿನ ಕ್ವಾಜುಲು-ನಟಾಲ್ ಪ್ರಾಂತದ ತುಗೇಲಾ ಫೆರಿ ಎಂಬ ಊರಿನಲ್ಲಿ ಬಹುತೇಕ ಯಾವ ಔಷಧಕ್ಕೂ ಜಗ್ಗದ ಕ್ಷಯ ಕಾಣಿಸಿಕೊಂಡ ವಾರ್ತೆ 2006ರಲ್ಲಿ ಹೊರಬಂತು. ಮೊದಲು ಗುರುತಿಸಿದ 53 ರೋಗಿಗಳಲ್ಲಿ 52 ಮಂದಿ ತೀರಿಕೊಂಡರು. ಇದು ಹಠಾತ್ತಾಗಿ ಬಂದ ಮಾರಿಯೆಂದು ಎಲ್ಲರೂ ಬಗೆದರು. ರೋಗಾಣುಗಳ ಬರಹವನ್ನು ಓದಿ, ತಪ್ಪುಗಳ ವಯಸ್ಸನ್ನು ಎಣಿಸಿ ಪ್ರಕಟಿಸಿದುದು 2015ರಲ್ಲಿ. ಐಸೋನಿಯಾಜಿಡ್ ಬಳಕೆಗೆ ಬಂದುದು 1952ರಲ್ಲಿ. ಆ ವಂಶ ಅದನ್ನು ಮೀರಿದುದು 1957ರ ಸುಮಾರಿಗೆ! ರಿಫಾಂಪಿಸಿನ್ನನ್ನು ಮೀರಿದುದು 1980ರ ದಶಕದಲ್ಲಿ. ಉಳಿದ ಔಷಧಗಳನ್ನೂ ದಾಟಿದುದು 1990ರ ದಶಕದಲ್ಲಿ. ಜನರ ಕಣ್ಣಿಗೆ ಬೀಳುವ ಮೊದಲೇ ವರ್ಷಗಳಿಂದ ಅದು ಒಂದೊಂದೇ ಬಾಕಿಯನ್ನು ಖಾತೆಗೆ ಏರಿಸುತ್ತ ಬಂದಿತ್ತು. ಔಷಧ ಅರೆಬರೆಯಾದಲ್ಲೆಲ್ಲ, ತಪ್ಪು ಔಷಧ ಬಿದ್ದಲ್ಲೆಲ್ಲ, ಪಾರಾದವುಗಳಿಗೆ ಮಾತ್ರ ಬೆಳೆಯಲು ಜಾಗ ಸಿಕ್ಕುತ್ತದೆ. ಅವು ನೆರೆಯವನ ಎದೆಗೆ ದಾಟುತ್ತವೆ. ಅಲ್ಲಿಂದ ಮುಂದೆ ಗುಳಿಗೆ ತಪ್ಪಿಸದ ನಿರಪರಾಧಿಗೂ ಗೆಲ್ಲಲಾರದ ರೋಗವೇ ಮೊದಲ ರೋಗವಾಗಿ ಬರುತ್ತದೆ.

ನಮ್ಮದೇ ಒಂದು ಬಾಕಿಯನ್ನು ಇಲ್ಲಿ ಬರೆಯದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. 2011ರಲ್ಲಿ ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ಮಾಣಿಯಾಗಿದ್ದ. ಚುರುಕಾದವನು, ಆರು ಮೇಜುಗಳ ಆರ್ಡರನ್ನು ಬರೆದುಕೊಳ್ಳದೆ ಅಡಿಗೆಮನೆಗೆ ಕೂಗಿ ಹೇಳಬಲ್ಲವನಾಗಿದ್ದ. ಕೆಮ್ಮು ಹಿಡಿಯಿತು, ಕಫದ ತಪಾಸಣೆಯಲ್ಲಿ ಕ್ಷಯವೆಂದಾಯಿತು. ಗಿರಾಕಿಗಳಿಗೆ ತಿಳಿದರೆ ವ್ಯಾಪಾರದ ಗತಿಯೇನೆಂದು ಹೆದರಿ ನಾವು ಅವನ ಲೆಕ್ಕ ಚುಕ್ತಾ ಮಾಡಿ, ಮೇಲೊಂದಿಷ್ಟು ಹಣ ಕೊಟ್ಟು ಊರಿಗೆ ಕಳುಹಿಸಿದೆವು. ದೊಡ್ಡ ಉಪಕಾರವೆಂದೇ ಅಂದು ತಿಳಿದಿದ್ದೆವು. ಊರಿನಲ್ಲಿ ಅವನು ಎರಡು ತಿಂಗಳು ಗುಳಿಗೆ ತೆಗೆದುಕೊಂಡ. ಕೆಮ್ಮು ನಿಂತಿತು, ಮೈ ತುಂಬಿತು, ಗುಳಿಗೆಯನ್ನೂ ನಿಲ್ಲಿಸಿದ. ಉಳಿದ ನಾಲ್ಕು ತಿಂಗಳ ಮಾತನ್ನು ಅವನಿಗೆ ನೆನಪಿಸುವವರು ಯಾರೂ ಇರಲಿಲ್ಲ. ನಾವಂತೂ ಒಂದು ಕಾಗದ ಬರೆಯಲಿಲ್ಲ. ಮರುವರ್ಷ ಅವನು ಮತ್ತೆ ಮುಂಬಯಿಗೆ ಬಂದಾಗ ಮೊದಲ ಎರಡು ಮುಖ್ಯ ಔಷಧಗಳೂ ಅವನಿಗೆ ನಾಟದಂತಾಗಿದ್ದವು.

ಇಂದು ಕಫದ ಮಾದರಿಯನ್ನು ಯಂತ್ರಕ್ಕೆ ಕೊಟ್ಟರೆ, ರಿಫಾಂಪಿಸಿನ್ನಿಗೆ ಸಂಬಂಧಿಸಿದ ಅಕ್ಷರಗಳು ನೆಟ್ಟಗಿವೆಯೆ ಎಂಬುದನ್ನು ಸುಮಾರು ಎರಡು ಗಂಟೆಯಲ್ಲಿ ಅದು ಹೇಳುತ್ತದೆ. ಸರಕಾರಿ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಜಗ್ಗದ ಕ್ಷಯಕ್ಕೆ ಸೂಜಿಯಿಲ್ಲದ, ಆರು ತಿಂಗಳ ಗುಳಿಗೆಗಳ ಚಿಕಿತ್ಸೆಗೆ ಭಾರತ ಸರಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಹುಡುಗನ ಕಾಲಕ್ಕೆ ಈ ಚಿಕಿತ್ಸೆ ಇರಲಿಲ್ಲ. ಎರಡು ವರ್ಷದ ಚಿಕಿತ್ಸೆ. ಅದರಲ್ಲಿ ಆರು ತಿಂಗಳಿಗೂ ಮಿಕ್ಕಿ, ಭಾನುವಾರವೊಂದನ್ನು ಬಿಟ್ಟು ದಿನವೂ ಸೂಜಿ. ಆ ಸೂಜಿಮದ್ದಿಗೆ ಕಿವಿಯನ್ನು ಕೆಡಿಸುವ ಗುಣವಿತ್ತು.

ಅವನು ಬದುಕಿದ. ಈಗಲೂ ಹೋಟೆಲಿನಲ್ಲಿಯೇ ಇದ್ದಾನೆ, ಆದರೆ ಮೇಜುಗಳ ಕಡೆಗೆ ಬರುವುದಿಲ್ಲ. ಹಿಂಬದಿಯಲ್ಲಿ ದೋಸೆಯ ಹಿಟ್ಟು ರುಬ್ಬುವ ಯಂತ್ರದ ಬಳಿ ಅವನ ಕೆಲಸ. ಅದರ ಗದ್ದಲದಲ್ಲಿ ಕಿವಿ ಕೇಳುವವರಿಗೂ ಏನೂ ಕೇಳಿಸುವುದಿಲ್ಲ.