ಯಾವ ಅಗರ ಎಂದು ಯಂತ್ರ ಕೇಳೀತೆ?

ಯಳಂದೂರು ತಾಲ್ಲೂಕಿನಲ್ಲಿ ಅಗರ ಎಂಬ ಊರಿದೆ. ಬೆಂಗಳೂರಿನಲ್ಲೂ ಒಂದು ಅಗರವಿದೆ. ಅಲ್ಲಿನ ಕೆರೆಯ ಹೆಸರು ನಗರದವರಿಗೆಲ್ಲ ಪರಿಚಿತ. ‘ಅಗರದ ಜಮೀನಿನ ಪಹಣಿ ತೆಗೆಸಿಕೊಂಡು ಬಾ’ ಎಂದು ಕೊಳ್ಳೇಗಾಲದ ಹುಡುಗನೊಬ್ಬನಿಗೆ ಹೇಳಿದರೆ ಅವನು ಬೆಂಗಳೂರಿನ ಬಸ್ಸು ಹತ್ತುವುದಿಲ್ಲ. ಯಾವ ಅಗರ ಎಂಬುದು ಅವನಿಗೆ ಗೊತ್ತು. ಅನುಮಾನ ಬಂದರೆ ಕೇಳುತ್ತಾನೆ. ಇದೇ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ?

ಒಪ್ಪಿಸುವ ಕಾಲ ಬಂದಿದೆ. ಪ್ರಶ್ನೆಗೆ ಉತ್ತರಿಸಿ ಸುಮ್ಮನಾಗದೆ ನಮ್ಮ ಪರವಾಗಿ ಕೆಲಸವನ್ನೂ ಮಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ‘ಏಜೆಂಟ್’ ಎನ್ನುತ್ತಾರೆ. ದಾಖಲೆ ಹುಡುಕಲು ಒಂದು, ಅರ್ಜಿ ಹಾಕಲು ಇನ್ನೊಂದು ಎಂದು ಬೇರೆ ಬೇರೆ ತಂತ್ರಾಂಶಗಳು ಅದಕ್ಕೆ ಉಪಕರಣಗಳಾಗುತ್ತವೆ. ಇವುಗಳನ್ನು ಜೋಡಿಸಲು ಆಂತ್ರೋಪಿಕ್ ಎಂಬ ಅಮೆರಿಕದ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಾಮಾನ್ಯ ಕಟ್ಟಳೆಯನ್ನು ಪ್ರಕಟಿಸಿತು. ಅದರಂತೆ ಪ್ರತಿ ಉಪಕರಣಕ್ಕೂ ಹೆಸರು, ಅದು ಮಾಡುವ ಕೆಲಸದ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ ಇರುತ್ತದೆ. ಯಾವ ಉಪಕರಣವನ್ನು ಯಾವಾಗ ಬಳಸಬೇಕೆಂದು ಏಜೆಂಟ್ ನಿರ್ಧರಿಸುವುದು ಮುಖ್ಯವಾಗಿ ಈ ನಾಲ್ಕಾರು ಸಾಲು ಓದಿಯೇ. ಸಾಲು ಅಸ್ಪಷ್ಟವಾಗಿದ್ದರೆ ಕೆಲಸವೂ ಅಡ್ಡದಾರಿ ಹಿಡಿಯುತ್ತದೆ.

ಅಪರಿಚಿತನಿಗೂ ಅರ್ಥವಾಗುವಂತೆ ಬರೆಯುವ ಈ ವಿದ್ಯೆ ನಮಗೆ ಹೊಸದಲ್ಲ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟದಲ್ಲಿ ಯಳಂದೂರು ಸೀಮೆಯ ಶಾಸನಗಳೂ ಸೇರಿವೆ. ಕನ್ನಡ ನಾಡಿನ ದಾನಶಾಸನಗಳನ್ನು ನೋಡಿದವರಿಗೆ ಅವುಗಳ ಕ್ರಮ ಗೊತ್ತು. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದೇನು ಎಂದು ಹೇಳಿ, ಬಳಿಕ ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕಲ್ಲು ಎಂದು ಚತುಸ್ಸೀಮೆ ಗೊತ್ತುಮಾಡುತ್ತವೆ. ಕೊನೆಗೆ, ಅಳುಪಿದವರಿಗೆ ಶಾಪ. ಬರೆಸಿದವರು ಮುಂದೆ ಇರುವುದಿಲ್ಲ, ಓದುವವನು ಊರಿಗೆ ಹೊಸಬನಾಗಿರಬಹುದು ಎಂಬ ಎಚ್ಚರ ಅದರಲ್ಲಿದೆ.

ಶಾನುಭೋಗರ ಕಾಲದಲ್ಲಿ ಕಡತದಲ್ಲಿರದ ಎಷ್ಟೋ ಸಂಗತಿ ಅವರ ತಲೆಯಲ್ಲಿತ್ತು. ತಂತ್ರಾಂಶ ಬರೆದವನೂ ಒಂದು ಬಗೆಯ ಶಾನುಭೋಗನೇ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತೆಂದು ‘ಜಮೀನಿನ ದಾಖಲೆ ಕೊಡುತ್ತದೆ’ ಎಂದಷ್ಟೇ ಬರೆದು ಸುಮ್ಮನಾಗುತ್ತಾನೆ. ಕಳೆದ ಶತಮಾನದ ಕೊನೆಯಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಲು ಹೊರಟ ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಒಂದು ದಾಖಲೆ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಲ್ಲವೂ ಬೇಕು. ಇದು ಇಂದಿನ ಚತುಸ್ಸೀಮೆ. ಏಜೆಂಟ್‌ಗಾಗಿ ಇಂಥ ಉಪಕರಣ ಮಾಡುವವರು, ‘ಗ್ರಾಮದ ಹೆಸರೊಂದೇ ಸಾಲದು, ಒಂದೇ ಹೆಸರಿನ ಊರುಗಳಿವೆ, ತಾಲ್ಲೂಕು ತಿಳಿಯದಿದ್ದರೆ ಊಹಿಸಬೇಡ, ಕೇಳಿದವರನ್ನೇ ವಿಚಾರಿಸು’ ಎಂದು ಬರೆಯಬೇಕು.

ಕಾಗುಣಿತದ ತೊಡಕು ಇನ್ನೊಂದು. ಯಳಂದೂರು ಎಂದೂ ಎಳಂದೂರು ಎಂದೂ ಬರೆಯುವವರಿದ್ದಾರೆ. ಇಂಗ್ಲಿಷ್‌ನಲ್ಲೂ ಎರಡು ರೂಪಗಳಿವೆ. ಒಂದೇ ರೂಪ ಬಲ್ಲ ಉಪಕರಣ, ಇನ್ನೊಂದನ್ನು ಕೊಟ್ಟಾಗ ‘ದಾಖಲೆ ಇಲ್ಲ’ ಎಂದರೆ ಏಜೆಂಟ್ ಅದನ್ನೇ ನಂಬಿ ರೈತನಿಗೆ ‘ನಿಮ್ಮ ಹೆಸರಿನಲ್ಲಿ ಜಮೀನಿಲ್ಲ’ ಎಂದುಬಿಡಬಹುದು. ‘ಊರಿನ ಹೆಸರು ಹೊಂದಲಿಲ್ಲ, ಈ ರೂಪದಲ್ಲಿ ಮತ್ತೆ ನೋಡು’ ಎಂಬ ಒಂದು ಸಾಲಿದ್ದರೆ ಅದು ತಪ್ಪುತ್ತದೆ. ದಾಖಲೆ ಇಲ್ಲದಿರುವುದಕ್ಕೂ ದಾಖಲೆ ಸಿಗದಿರುವುದಕ್ಕೂ ಎಷ್ಟು ವ್ಯತ್ಯಾಸವೆಂದು ಕಚೇರಿ ಅಲೆದವರಿಗೆ ಹೇಳಬೇಕಾಗಿಲ್ಲ.

ಓದುವ ಉಪಕರಣ ಯಾವುದು, ಬದಲಾಯಿಸುವ ಉಪಕರಣ ಯಾವುದು ಎಂಬುದನ್ನೂ ಬಿಡಿಸಿ ಹೇಳಬೇಕು. ಪಹಣಿ ನೋಡಿದರೆ ಯಾರಿಗೂ ನಷ್ಟವಿಲ್ಲ. ಖಾತೆ ಬದಲಾವಣೆಗೆ ಅರ್ಜಿ ಹೋದರೆ ಹಾಗಲ್ಲ. ‘ಮಾಲೀಕರ ಒಪ್ಪಿಗೆ ಪಡೆಯದೆ ಇದನ್ನು ಬಳಸಕೂಡದು’ ಎಂಬ ಮಾತು ಶಾಸನದ ಶಾಪವಾಕ್ಯವಿದ್ದಂತೆ. ಆದರೆ ಶಾಪಕ್ಕೆ ಹೆದರದವರು ಹಿಂದೆಯೂ ಇದ್ದರು. ಆದ್ದರಿಂದ ಬರಹದ ಜೊತೆಗೆ, ಒಪ್ಪಿಗೆಯಿಲ್ಲದೆ ಮುಂದುವರಿಯದಂತೆ ತಂತ್ರಾಂಶದಲ್ಲೇ ತಡೆ ಇರುವುದು ಕ್ಷೇಮ.

ಅಗರ ಮತ್ತು ಸುತ್ತಲ ಹಳ್ಳಿಗಳ ಜನ 2023ರಲ್ಲಿ ‘ಕಾರ್ಯ’ ಎಂಬ ಸಂಸ್ಥೆಗಾಗಿ ಮೊಬೈಲ್ ಹಿಡಿದು ಕನ್ನಡ ವಾಕ್ಯಗಳನ್ನು ಓದಿ ದನಿ ಮುದ್ರಿಸಿಕೊಟ್ಟಿದ್ದರು. ಯಂತ್ರಗಳಿಗೆ ಕನ್ನಡ ಕಲಿಸುವ ಕೆಲಸ ಅದು. ಯಂತ್ರಕ್ಕೆ ಮಾತು ಕಲಿಸಿದ ಊರಿನವರೇ ನಾಳೆ ಅದರ ಮುಂದೆ ನಿಂತು ತಮ್ಮ ಪಹಣಿ ಕೇಳಬಹುದು. ಅವರ ಮಾತು ಅದಕ್ಕೆ ಅರ್ಥವಾದರೂ, ಯಾವ ಅಗರ ಎಂದು ತಿರುಗಿ ಕೇಳಬೇಕೆಂಬುದನ್ನು ಯಾರಾದರೂ ಬರೆದಿಟ್ಟಿರಬೇಕಷ್ಟೆ.