ಗಣಕಯಂತ್ರದ ಪರದೆ ಕಪ್ಪಾದಾಗ

ಈ ಲೇಖನ ಬರೆಯುವುದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಧಾರವಾಡದ ಸಪ್ತಾಪುರದ ಹತ್ತಿರ ನಮ್ಮ ಕಾಕಾನ ಒಂದು ಸಣ್ಣ ಅಂಗಡಿಯಿದೆ. ಝೆರಾಕ್ಸ್ ತೆಗೆಯುವುದು, ಟೈಪು ಮಾಡಿಕೊಡುವುದು, ಆನ್‌ಲೈನ್ ಅರ್ಜಿ ತುಂಬಿಕೊಡುವುದು ಅಲ್ಲಿಯ ಕಸುಬು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ಊರೂರುಗಳಿಂದ ಬಂದು ಈ ಭಾಗದಲ್ಲಿ ಕೋಣೆ ಹಿಡಿದಿರುವ ಹುಡುಗ ಹುಡುಗಿಯರೇ ಗಿರಾಕಿಗಳು. ಕಾಲೇಜು ಬಿಟ್ಟ ಮೇಲೆ ಸಂಜೆ ನಾನು ಅಲ್ಲಿ ಕೂಡುತ್ತೇನೆ.

ಕಳೆದ ಚಳಿಗಾಲದ ಒಂದು ರಾತ್ರಿ. ಯಾವುದೋ ನೇಮಕಾತಿಯ ಅರ್ಜಿಗೆ ಅಂದೇ ಕೊನೆಯ ದಿನ. ಹನ್ನೊಂದೂಕಾಲರ ಸುಮಾರಿಗೆ ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ಬಂದಳು. ಊರಿನಿಂದ ಪ್ರಮಾಣಪತ್ರ ಬರುವುದು ತಡವಾಗಿತ್ತಂತೆ. ಹೆಸರು, ವಿಳಾಸ, ಅಂಕಗಳು, ಸಹಿಯ ಚಿತ್ರ ಎಲ್ಲವನ್ನೂ ತುಂಬಿದೆ. ತಪ್ಪಿದ್ದರೆ ನೋಡಿಕೊಳ್ಳಲಿ ಎಂದು, ಸಲ್ಲಿಸುವ ಮುಂಚೆ ಒಂದು ಪ್ರತಿ ಮುದ್ರಿಸಲು ಹೇಳಿದೆ. ಪರದೆ ಒಮ್ಮೆಲೆ ಕಪ್ಪಾಯಿತು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಎಲ್ಲವನ್ನೂ ಮೊದಲಿನಿಂದ ತುಂಬುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಆಕೆ ಒಂದು ಮಾತೂ ಆಡಲಿಲ್ಲ. ಕಾಗದಗಳನ್ನು ಚೀಲದಲ್ಲಿ ಜೋಡಿಸಿಕೊಂಡು ಹೊರಟುಹೋದಳು. ವಯೋಮಿತಿಗೆ ಅದು ಆಕೆಯ ಕಡೆಯ ವರ್ಷವಾಗಿತ್ತೆಂದು ಮರುದಿನ ಆಕೆಯ ಗೆಳತಿಯೊಬ್ಬಳಿಂದ ತಿಳಿಯಿತು.

ಅಪವಾದವೆಲ್ಲ ನನ್ನ ಮೇಲೆ ಬಂತು, ಬರಬೇಕಾದದ್ದೇ. ವಿಂಡೋಸ್ 10ಕ್ಕೆ ಅದರ ಕಂಪನಿ 2025ರ ಅಕ್ಟೋಬರ 14ಕ್ಕೆ ಬೆಂಬಲ ನಿಲ್ಲಿಸಿತಷ್ಟೆ. ಕಾಕಾನ ಗಣಕ ಹತ್ತು ವರ್ಷದ್ದು. ಹೊಸ ವಿಂಡೋಸನ್ನು ತಾಳುವಂಥದಲ್ಲ. ಆದ್ದರಿಂದ ದೀಪಾವಳಿಯ ಸೂಟಿಯಲ್ಲಿ ನಾನು ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದ್ದೆ. ಪರದೆ ಕಪ್ಪಾಗತೊಡಗಿದ್ದು ಆ ಬಳಿಕವೇ. "ಪುಕ್ಕಟೆ ಸಿಕ್ಕದ್ದು ಪುಕ್ಕಟೆದ್ಹಂಗs ಇರ್ತದಪಾ," ಎಂದ ಕಾಕಾ. ರಿಪೇರಿಯವರು ಬಂದು ನೋಡಿ, ಮದರ್‌ಬೋರ್ಡೇ ಹೋಗಿದೆ, ಹೊಸ ಯಂತ್ರ ಕೊಳ್ಳಿರಿ ಎಂದರು. ಆ ದುಡ್ಡಿನಲ್ಲಿ ನನ್ನ ತಂಗಿಯ ವರ್ಷದ ಫೀ ಅಡಗಿತ್ತು.

ನಾನು ಕಲಾ ವಿಭಾಗದವನು. ವಿಜ್ಞಾನಕ್ಕೆ ಹತ್ತನೆಯ ಇಯತ್ತೆಯಲ್ಲೇ ಕೈಮುಗಿದವನು. ಆದರೂ ಮೂರು ವಾರ ಈ ಕತ್ತಲೆಯ ಬೆನ್ನು ಹತ್ತಿ ಕಲಿತದ್ದು ನಮ್ಮ ಕಾಲೇಜಿನ ಇತರರಿಗೂ ಬೇಕಾದೀತು ಎಂದು ಬರೆಯುತ್ತಿದ್ದೇನೆ.

ಪರದೆ ಕಪ್ಪಾದೊಡನೆ ನಾವೆಲ್ಲ ಮಾಡುವ ಮೊದಲ ತಪ್ಪೆಂದರೆ ಗುಂಡಿ ಒತ್ತಿ ಯಂತ್ರವನ್ನು ಆರಿಸುವುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಸತ್ತದ್ದು ಯಂತ್ರವೋ, ಚಿತ್ರವೋ? ಇದಕ್ಕೆ ಯಾವ ಉಪಕರಣವೂ ಬೇಡ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿದರೆ ಅದರ ಸಣ್ಣ ದೀಪ ಹತ್ತಿ ಆರುತ್ತಿದೆಯೇ? ಹಾಡು ಹಚ್ಚಿದ್ದರೆ ಅದು ಇನ್ನೂ ಕೇಳುತ್ತಿದೆಯೇ? ಹಾಗಿದ್ದರೆ ಯಂತ್ರ ಜೀವಂತವಾಗಿದೆ. ಆಗ ಕಂಟ್ರೋಲ್, ಆಲ್ಟ್, ಎಫ್ 3 ಈ ಮೂರನ್ನೂ ಕೂಡಿಯೇ ಒತ್ತಿ ನೋಡಬೇಕು. ಬರಿಯ ಅಕ್ಷರಗಳ ಒಂದು ಪುಟ ಮೂಡಿ ಹೆಸರು ಕೇಳಿದರೆ, ಕುಸಿದದ್ದು ಚಿತ್ರಗಳ ಮೇಲ್ಪದರ ಮಾತ್ರ. ಏನೂ ಮೂಡದಿದ್ದರೆ ಬ್ಯಾಟರಿ ಹಿಡಿದು ಪರದೆಯ ಮೇಲೆ ಓರೆಯಾಗಿ ಬೆಳಕು ಬಿಡಿರಿ. ಒಳಗೆ ಮಸಕು ಮಸಕಾಗಿ ಕಿಟಕಿಗಳು ಕಂಡರೆ ಪರದೆಯ ಹಿಂದಿನ ದೀಪವೇ ಆರಿದೆ ಎಂದರ್ಥ; ಗಣಕಕ್ಕೆ ಅದರ ಸುದ್ದಿಯೇ ಇರುವುದಿಲ್ಲ.

ಎರಡನೆಯದು ದಿನಚರಿ. ಲಿನಕ್ಸ್ ಯಂತ್ರ ತಾನು ಎದ್ದ ಗಳಿಗೆಯಿಂದ ಮಲಗುವವರೆಗೆ ಆದದ್ದನ್ನೆಲ್ಲ ವೇಳೆಸಹಿತ ಬರೆದಿಡುತ್ತದೆ. ಟರ್ಮಿನಲ್ ತೆರೆದು 'ಜರ್ನಲ್' ಎಂದೂ ಅದಕ್ಕೆ ಅಂಟಿಸಿ ಸಿ, ಟಿ, ಎಲ್ ಎಂದೂ ಬರೆದು, ತೆರವು ಬಿಟ್ಟು ಅಡ್ಡಗೆರೆ ಹಾಗೂ ಬಿ, ಮತ್ತೆ ತೆರವು ಬಿಟ್ಟು ಅಡ್ಡಗೆರೆ ಹಾಗೂ 1 ಎಂದು ಬರೆದರೆ, ಹಿಂದಿನ ಸಲ ಯಂತ್ರ ನಡೆದಾಗಿನ ದಿನಚರಿ ತೆರೆಯುತ್ತದೆ. ಭಾಷೆ ಇಂಗ್ಲಿಷು, ಅದೂ ಸಂಕೇತಗಳಿಂದ ತುಂಬಿದ್ದು. ಆದರೆ ಎಲ್ಲ ಸಾಲೂ ತಿಳಿಯಬೇಕಾಗಿಲ್ಲ. ಕೊನೆಯ ಪುಟಕ್ಕೆ ಹೋಗಿ ವೇಳೆ ನೋಡಿದರೆ ಸಾಕು. ಪರದೆ ಕಪ್ಪಾದ ಮೇಲೂ ಸಾಲುಗಳು ಮುಂದುವರಿದಿದ್ದರೆ ಯಂತ್ರ ಬದುಕಿತ್ತು. ಮುಕ್ತಾಯದ ಸಾಲುಗಳಿಲ್ಲದೆ ನಡುವೆಯೇ ಕತ್ತರಿಸಿದಂತೆ ನಿಂತಿದ್ದರೆ ವಿದ್ಯುತ್ತು ಹೋಗಿದೆ, ಇಲ್ಲವೆ ಯಂತ್ರ ಬೇರುಸಹಿತ ಸ್ತಬ್ಧವಾಗಿದೆ. ಕಡೆಯ ಕೆಲವು ಕ್ಷಣಗಳ ಬರಹ ಡಿಸ್ಕಿಗೆ ಮುಟ್ಟದೆ ಹೋಗಿರಲೂಬಹುದು; ಅಷ್ಟನ್ನು ನೆನಪಿನಲ್ಲಿಡಬೇಕು.

ಮುಕ್ತ ತಂತ್ರಾಂಶದ ಹುಟ್ಟಿಗೂ ಇಂಥದೇ ಒಂದು ಕಿರಿಕಿರಿ ನಿಮಿತ್ತವಾಯಿತೆಂಬುದು ಸ್ವಾರಸ್ಯದ ಮಾತು. 1980ರ ಸುಮಾರಿಗೆ ಅಮೇರಿಕೆಯ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ಒಂದು ಮುದ್ರಣಯಂತ್ರ ಪದೇ ಪದೇ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಹಾಗೆ ನಿಂತಾಗ ಎಲ್ಲರಿಗೂ ಸೂಚನೆ ಹೋಗುವಂತೆ ತಿದ್ದಬೇಕೆಂದರೆ ಅದರ ಮೂಲ ಬರಹವನ್ನು ರಿಚರ್ಡ್ ಸ್ಟಾಲ್ಮನ್ನರಿಗೆ ಯಾರೂ ಕೊಡಲಿಲ್ಲ. 1983ರಲ್ಲಿ ಅವರು ಎಲ್ಲರೂ ಓದಬಹುದಾದ, ತಿದ್ದಬಹುದಾದ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದರು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ತಿರುಳು ಅದರೊಡನೆ ಕೂಡಿತು. ಕಾಕಾ ಹೇಳುವ 'ಪುಕ್ಕಟೆ'ಗೂ ಈ 'ಮುಕ್ತ'ಕ್ಕೂ ಅಂತರ ಇಷ್ಟೇ: ಕೆಟ್ಟಾಗ ಒಳಗೆ ಇಣಿಕಿ ನೋಡುವುದಕ್ಕೆ ಇಲ್ಲಿ ಯಾರ ಅಪ್ಪಣೆಯೂ ಬೇಡ.

ಇನ್ನು ನಮ್ಮ ಅಂಗಡಿಯ ಕತೆ. ಮೂರು ವಾರಗಳಲ್ಲಿ 11 ಸಲ ಕಪ್ಪಾದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ವೇಳೆಯೊಡನೆ ಬರೆದೆ. ದಿನಚರಿಯೊಡನೆ ತಾಳೆ ನೋಡಿದಾಗ ನನಗೇ ಆಶ್ಚರ್ಯವಾಯಿತು. ನಾವು ಒಂದು ಎಂದು ತಿಳಿದ ರೋಗ ಎರಡಾಗಿತ್ತು. 4 ಸಲ ಯಂತ್ರ ಬದುಕಿತ್ತು, 7 ಸಲ ದಿನಚರಿ ನಡುವೆಯೇ ಕತ್ತರಿಸಿತ್ತು.

ಮೊದಲಿನ ನಾಲ್ಕರಲ್ಲಿ ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶ ದೋಷದ ಸಾಲುಗಳನ್ನು ಬರೆದಿಟ್ಟಿತ್ತು. ಹಳೆಯ ಕಾರ್ಡದು, ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಹಳೆಯ ತಿರುಳನ್ನು ಆರಿಸಿಕೊಂಡು ಯಂತ್ರವನ್ನು ಎಬ್ಬಿಸಿ ನೋಡಿದೆ. ಲಿನಕ್ಸು ಹೊಸದನ್ನು ಹಾಕಿದಾಗ ಹಳೆಯದನ್ನು ಕೂಡಲೆ ಎಸೆಯುವುದಿಲ್ಲ, ಆರಂಭದ ಪಟ್ಟಿಯಲ್ಲಿ ಅದು ಸಿಗುತ್ತದೆ. ಹೆಚ್ಚಿನ ಫಲವಾಗಲಿಲ್ಲ. ಕಡೆಗೆ ಪೆಟ್ಟಿಗೆ ಬಿಚ್ಚಿ, ಕಾರ್ಡನ್ನೇ ಕಿತ್ತು, ಪರದೆಯ ಕೇಬಲನ್ನು ಮದರ್‌ಬೋರ್ಡಿನದೇ ಆದ ಚಿತ್ರದ್ವಾರಕ್ಕೆ ಸಿಕ್ಕಿಸಿದೆ. ಅರ್ಜಿ ತುಂಬುವ ಅಂಗಡಿಗೆ ಬೇರೆ ಕಾರ್ಡು ಏತಕ್ಕೆ ಬೇಕು? ಆ ಬಗೆಯ ಕತ್ತಲೆ ಮತ್ತೆ ಬರಲಿಲ್ಲ. ಮದರ್‌ಬೋರ್ಡೇನೋ ಸರಿಯಾಗಿತ್ತು ಎಂಬುದೂ ಅದರಿಂದಲೇ ತಿಳಿದಂತಾಯಿತು.

ಉಳಿದ ಏಳು ನನ್ನ ನಿದ್ದೆ ಕೆಡಿಸಿದವು. ನೆನಪಿನ ಚಿಪ್ಪನ್ನು ಮೆಮ್‌ಟೆಸ್ಟ್ ಎಂಬ ಮುಕ್ತ ತಂತ್ರಾಂಶದಿಂದ ಇಡೀ ರಾತ್ರಿ ಪರೀಕ್ಷಿಸಿದೆ; ದೋಷವಿಲ್ಲ. ಉಷ್ಣತೆಯನ್ನು ಅಳೆದೆ, ಅತಿಯಾಗಿರಲಿಲ್ಲ. ಗುಟ್ಟು ಬಯಲಾದದ್ದು ಕಾಗದದ ರಾಶಿಯಲ್ಲಿ. ನಾವು ಮುದ್ರಿಸುವ ಅರ್ಜಿಗಳ ಅಂಚಿನಲ್ಲಿ ಮುದ್ರಣದ ವೇಳೆ ಬಿದ್ದಿರುತ್ತದೆ. ಅರ್ಧಕ್ಕೆ ನಿಂತು ಮೂಲೆಗೆ ಎಸೆದಿದ್ದ ಪ್ರತಿಗಳ ಮೇಲಿನ ವೇಳೆಯನ್ನು ದಿನಚರಿಯ ಕೊನೆಯ ಸಾಲಿಗೆ ಹಿಡಿದು ನೋಡಿದರೆ, ಏಳರಲ್ಲಿ ಆರು ನಿಮಿಷಕ್ಕೆ ನಿಮಿಷ ಕೂಡಿದವು!

ದೀಪಾವಳಿಗೆ ಅಂಗಡಿಗೆ ಬಂದದ್ದು ಲಿನಕ್ಸು ಒಂದೇ ಅಲ್ಲ. ಅದೇ ವಾರ ಕಾಕಾ ಒಂದು ಲೇಸರ್ ಪ್ರಿಂಟರನ್ನು ಹಳೆಯದರಲ್ಲಿ ಕೊಂಡಿದ್ದ. ಗಣಕದ ಬೋರ್ಡಿಗೇ ಅದರ ಪ್ಲಗ್ಗನ್ನೂ ಚುಚ್ಚಿದ್ದ. ಲೇಸರ್ ಪ್ರಿಂಟರು ಪುಡಿಶಾಯಿಯನ್ನು ಕಾಗದದ ಮೇಲೆ ಕರಗಿಸಿ ಅಂಟಿಸುತ್ತದೆ. ಅದಕ್ಕಾಗಿ ಅದರ ರೋಲರು ಕಾಯುವಾಗ ಕೆಲವು ನೂರು ವ್ಯಾಟುಗಳಿಂದ ಸಾವಿರದವರೆಗೆ ವಿದ್ಯುತ್ತನ್ನು ಒಮ್ಮೆಲೆ ಎಳೆಯುತ್ತದೆ. ಬೋರ್ಡಿನ ತಂತಿ ಸಪೂರಾದರೆ ಆ ಗಳಿಗೆಗೆ ವೋಲ್ಟೇಜು ಕುಸಿಯುತ್ತದೆ. ಗಣಕದೊಳಗಿನ ವಿದ್ಯುತ್ ಪೆಟ್ಟಿಗೆ ಇಂಥ ಕುಸಿತವನ್ನು ಸುಮಾರು 16 ಮಿಲಿಸೆಕೆಂಡಿನಷ್ಟು ಹೊತ್ತು ತಾಳಿಕೊಳ್ಳಬೇಕೆಂದು ನಿಯಮವಿದೆ. ನಮ್ಮ ಮನೆಯ ವಿದ್ಯುತ್ತಿನ ಒಂದು ಆವರ್ತಕ್ಕೂ ಅದು ಕಡಿಮೆ. ಹತ್ತು ವರ್ಷದಲ್ಲಿ ಅದರೊಳಗಿನ ಕೆಪ್ಯಾಸಿಟರುಗಳು ಒಣಗಿ ಅಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಅದು ಇದ್ದಿದ್ದರೂ ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು. ಆ ಭಾರಕ್ಕೆ ಸಣ್ಣ ಯುಪಿಎಸ್ಸೇ ಕೈಬಿಡುತ್ತದೆ.

ಅಂದಮೇಲೆ ಆ ರಾತ್ರಿ ಪರದೆಯನ್ನು ಕಪ್ಪು ಮಾಡಿದ್ದು, ತಪ್ಪು ನೋಡಿಕೊಳ್ಳಲೆಂದು ನಾನೇ ಒತ್ತಿದ ಮುದ್ರಣದ ಗುಂಡಿ. ಇದನ್ನು ಕಾಕಾನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಪ್ರಿಂಟರ್ ತಂದಾವ ನಾನs ಅಲ್ಲೇನೊ," ಎಂದ.

ಒಂದು ಎಚ್ಚರಿಕೆ. ಎಲ್ಲ ಕತ್ತಲೆಗೂ ಇವೇ ಕಾರಣವೆಂದು ತಿಳಿಯಬಾರದು. ಧಾರವಾಡದ ಮಳೆಗಾಲದ ತಂಪಿಗೆ ನೆನಪಿನ ಚಿಪ್ಪಿನ ಹಲ್ಲುಗಳು ಕಿಲುಬುವುದುಂಟು. ಯಂತ್ರದ ವಿದ್ಯುತ್ತನ್ನು ಪೂರ್ತಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ತಿಕ್ಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕೇಬಲು ಸಡಿಲಾಗಿರಬಹುದು. ಹತ್ತು ನಿಮಿಷಕ್ಕೊಮ್ಮೆ ಸರಿಯಾಗಿ ಕಪ್ಪಾಗುತ್ತಿದ್ದರೆ ಅದು ರೋಗವೇ ಅಲ್ಲ, ವಿದ್ಯುತ್ ಉಳಿಸುವ ಏರ್ಪಾಡು, ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ನಾನು ಮೊದಲ ವಾರ ನಾಲ್ಕನ್ನು ಒಟ್ಟಿಗೇ ಬದಲಿಸಿ ಏನೂ ತಿಳಿಯದೆ ಕೂತಿದ್ದೆ.

ಒಂದು ರವಿವಾರ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಎರಡು ಸಾವಿರದೊಳಗೆ ಹೊಸ ವಿದ್ಯುತ್ ಪೆಟ್ಟಿಗೆ ತಂದೆವು. ಪ್ರಿಂಟರಿಗೆ ಗೋಡೆಯಲ್ಲೇ ಬೇರೆ ಸಾಕೆಟ್ಟು ಹಾಕಿಸಿದೆವು. ಅದರ ಪ್ಲಗ್ಗಿನ ಮೇಲೆ ಕಾಕಾ ಕೆಂಪು ಪಟ್ಟಿ ಅಂಟಿಸಿದ್ದಾನೆ. ಆ ಏಳರಲ್ಲಿ ತಾಳೆಯಾಗದ ಒಂದು ಕತ್ತಲೆ ಮಾತ್ರ ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ. ನೋಟ್‌ಬುಕ್ಕು ಗಲ್ಲೆಯ ಪಕ್ಕದಲ್ಲೇ ಇದೆ. ಕೊನೆಯ ದಿನದ ಅರ್ಜಿಗಳನ್ನು ಈಗ ನಾವು ಮೊದಲು ಸಲ್ಲಿಸಿ, ಆಮೇಲೆ ಮುದ್ರಿಸುತ್ತೇವೆ.