ವಠಾರದ ಹುಡುಗಿ ಫ್ರಾನ್ಸಿ

ಬೆಟ್ಟಿ ಸ್ಮಿತ್ ಅವರ 'ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್' ಕಾದಂಬರಿ ಪ್ರಕಟವಾದದ್ದು 1943ರಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ವಿಲಿಯಮ್ಸ್‌ಬರ್ಗ್ ಎಂಬ ಬಡವರ ಕೇರಿಯಲ್ಲಿ ಫ್ರಾನ್ಸಿ ನೋಲನ್ ಎಂಬ ಹುಡುಗಿ ಬೆಳೆದು ದೊಡ್ಡವಳಾಗುವುದೇ ಅದರ ಕಥೆ. ಲೇಖಕಿಯೂ 1896ರಲ್ಲಿ ಅದೇ ಕೇರಿಯ ಜರ್ಮನ್ ಮೂಲದ ಮನೆಯೊಂದರಲ್ಲಿ ಹುಟ್ಟಿದವರು. ಹಸಿವನ್ನು ಅವರು ದೂರದಿಂದ ಕಂಡು ಬರೆದವರಲ್ಲ.

ಕಥೆ ಶುರುವಾಗುವುದು 1912ರ ಬೇಸಿಗೆಯ ಒಂದು ಶನಿವಾರ. ಫ್ರಾನ್ಸಿಗೆ ಆಗ 11 ವರ್ಷ, ತಮ್ಮ ನೀಲಿ ಅವಳಿಗಿಂತ ಒಂದು ವರ್ಷ ಚಿಕ್ಕವನು. ವಾರವಿಡೀ ಆಯ್ದಿಟ್ಟ ಚಿಂದಿ, ಕಾಗದ, ಲೋಹದ ಚೂರುಗಳನ್ನು ಇಬ್ಬರೂ ಗುಜರಿಯವನಿಗೆ ಹಾಕುತ್ತಾರೆ. ಕೆನ್ನೆ ಹಿಂಡಿದರೂ ಸುಮ್ಮನಿರುವ ಹುಡುಗಿಗೆ ಅವನು ಒಂದು ಸೆಂಟ್ ಹೆಚ್ಚು ಕೊಡುತ್ತಾನೆ. ಬಂದದ್ದರಲ್ಲಿ ಅರ್ಧ, ಮನೆಯ ಮೂಲೆಯಲ್ಲಿ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ತಗಡಿನ ಡಬ್ಬಿಗೆ ಬೀಳಬೇಕು. ಆಮೇಲೆ ಅಂಗಡಿಗಳಿಂದ ವಾಪಸು ಬಂದ ಹಳೆಯ ಬ್ರೆಡ್ಡಿಗಾಗಿ ಸಾಲು. ಪುಟಗಟ್ಟಲೆ ಹೀಗೆ ಪುಡಿಗಾಸಿನ ಲೆಕ್ಕವೇ ನಡೆಯುತ್ತದೆ. ಓದುವವರಿಗೆ ಎಲ್ಲೂ ಬೇಸರವಾಗುವುದಿಲ್ಲ.

ಆದರೆ ಈ ಕಾದಂಬರಿಯ ಜೀವ ಇರುವುದು ಒಂದು ಲೋಟ ಕಾಫಿಯಲ್ಲಿ. ಮಕ್ಕಳಿಗೂ ದಿನಕ್ಕೆ ಮೂರು ಲೋಟ ಕಾಫಿಯ ಪಾಲುಂಟು. ಫ್ರಾನ್ಸಿಗೆ ಅದರ ಘಮ, ಬಿಸಿ ಇಷ್ಟ, ಕುಡಿಯುವುದು ಅಷ್ಟಾಗಿ ಬೇಡ. ಕೊನೆಗೆ ಅದನ್ನು ಚೆಲ್ಲಿಬಿಡುತ್ತಾಳೆ. ಹೊಟ್ಟೆಗಿಲ್ಲದ ಮನೆಯಲ್ಲಿ ಇದೆಂಥ ದುಂದು ಎಂದು ಚಿಕ್ಕಮ್ಮ ದೊಡ್ಡಮ್ಮಂದಿರು ಆಕ್ಷೇಪಿಸುತ್ತಾರೆ. ಮನೆಮನೆ ನೆಲ ಒರೆಸಿ ಸಂಸಾರ ತೂಗಿಸುವ ತಾಯಿ ಕೇಟಿ ಮಾತ್ರ ಬೇಡವೆನ್ನುವುದಿಲ್ಲ. ಚೆಲ್ಲಲು ಒಂದಿಷ್ಟಾದರೂ ಇದೆ ಎಂಬ ಭಾವ ತಮ್ಮಂಥವರಿಗೂ ಒಮ್ಮೊಮ್ಮೆ ಸಿಗಲಿ ಎಂಬುದು ಅವಳ ನಿಲುವು. ಬಡತನದಲ್ಲಿ ಮಾನ ಉಳಿಸಿಕೊಳ್ಳುವುದನ್ನು ಇಷ್ಟು ಚಿಕ್ಕ ಸಂಗತಿಯಲ್ಲಿ ಹಿಡಿದ ಬರಹ ಅಪರೂಪ.

ಡಬ್ಬಿಯಲ್ಲಿ ಕಾಸು ಕೂಡಿಟ್ಟು ಒಂದು ತುಂಡು ಜಮೀನು ಕೊಳ್ಳಬೇಕೆಂಬುದು ಅಜ್ಜಿ ಹೇಳಿಕೊಟ್ಟ ದಾರಿ. ಹಾಡುತ್ತ ಬಡಿಸುವ ಮಾಣಿಯಾಗಿದ್ದ ತಂದೆ ಜಾನಿ ಕುಡಿತಕ್ಕೆ ಬಲಿಯಾಗುತ್ತಾನೆ. ಕೂಡಿಟ್ಟ ಹಣ ಅವನನ್ನು ಮಣ್ಣು ಮಾಡುವ ಜಾಗಕ್ಕೆ ಹೋಗುತ್ತದೆ. ಆ ಮನೆಯವರು ಜಮೀನಿನ ಒಡೆಯರಾಗುವುದು ಹಾಗೆ.

ಹೆಸರಿನಲ್ಲಿರುವ ಮರ ಚೀನಾ ಮೂಲದ ಐಲಾಂತಸ್. ಸಿಮೆಂಟಿನ ಸಂದಿಯಲ್ಲೂ ಬೇರೂರುವ ಅದು ಫ್ರಾನ್ಸಿಯ ವಠಾರದ ಅಂಗಳದಲ್ಲಿದೆ. ಕಡಿದ ಮೇಲೂ ಬುಡದಿಂದ ಚಿಗುರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಂದೇ ಜೇಬಿಗೆ ಹಿಡಿಸುವ ಪುಸ್ತಕಗಳನ್ನು ಅಚ್ಚು ಹಾಕಿ ಉಚಿತವಾಗಿ ಹಂಚಲಾಯಿತು. ಒಟ್ಟು ಪ್ರತಿಗಳು 12 ಕೋಟಿಗೂ ಹೆಚ್ಚು. ಅವುಗಳಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದ ಪುಸ್ತಕಗಳ ಪೈಕಿ ಫ್ರಾನ್ಸಿಯ ಕಥೆಯೂ ಒಂದು. ಬ್ರೂಕ್ಲಿನ್ ಕಾಣದ ಸೈನಿಕರೂ ತಮ್ಮ ಮನೆಯನ್ನೇ ಕಂಡಂತಾಯಿತೆಂದು ಲೇಖಕಿಗೆ ಪತ್ರ ಬರೆದರು. 1945ರಲ್ಲಿ ಎಲಿಯಾ ಕಜಾನ್ ಅದನ್ನು ಸಿನಿಮಾ ಮಾಡಿದರು. ಜಾನಿಯ ಪಾತ್ರ ಮಾಡಿದ ಜೇಮ್ಸ್ ಡನ್ ಅವರಿಗೆ ಆಸ್ಕರ್ ಬಂತು.

ಕಥೆಯ ಹೆಣಿಗೆ ಸಡಿಲ, ಕೆಲವೆಡೆ ಕಣ್ಣೀರು ಹೆಚ್ಚಾಯಿತು ಎನ್ನುವುದೂ ನಿಜ. ಅದನ್ನೆಲ್ಲ ಮರೆಸುವುದು ಬರಹದ ಪ್ರಾಮಾಣಿಕತೆ. ಆ ಪ್ರಾಮಾಣಿಕತೆ ಎಲ್ಲಿಂದ ಬಂತೆಂಬುದು ಶಾಲೆಯ ಒಂದು ಪ್ರಸಂಗದಲ್ಲಿದೆ. ಹಕ್ಕಿ, ಮರ ಎಂದೆಲ್ಲ ಬರೆಯುವಾಗ ಫ್ರಾನ್ಸಿಗೆ ಒಳ್ಳೆಯ ಅಂಕ. ತಂದೆ ತೀರಿಕೊಂಡ ಮೇಲೆ ಅವನ ಕುರಿತು ನಾಲ್ಕು ಪ್ರಬಂಧ ಬರೆದಾಗ ಅಂಕ ಇಳಿಯುತ್ತದೆ. ಕುಡಿತ, ಬಡತನ ಎಲ್ಲ ಹೇಸಿಗೆಯ ವಿಷಯ, ಅವನ್ನು ಸುಟ್ಟುಬಿಡು ಎನ್ನುತ್ತಾರೆ ಟೀಚರ್. ದಿನವೂ ಹೊಸ ಕಾಲರ್ ತೊಟ್ಟು, ಬೂಟು ಹೊಳೆಯಿಸಿಕೊಂಡು ಹೊರಡುತ್ತಿದ್ದ ಅಪ್ಪನಿಗೂ ಹೇಸಿಗೆಗೂ ಎಲ್ಲಿಯ ಸಂಬಂಧವೆಂದು ಫ್ರಾನ್ಸಿಗೆ ತಿಳಿಯುವುದಿಲ್ಲ. ಮನೆಗೆ ಬಂದು ಒಲೆಗೆ ಹಾಕುವುದು ಹಕ್ಕಿ, ಮರಗಳ ಹಾಳೆಗಳನ್ನು. ಅಪ್ಪನ ನಾಲ್ಕನ್ನು ಎತ್ತಿಡುತ್ತಾಳೆ.